ಹತ್ತು ಬೆರಳಿನ ಹಾಜರಿ

ಆರೋಗ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಮೂಡಿಗೆರೆಯ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, ಅದೂ ಇದೂ ಮಾತಾಡಿ, ಹೊರಡುವ ಹೊತ್ತಿಗೆ ಎಲ್ಲರದ್ದೂ ಒಂದೇ ಪ್ರಶ್ನೆ: "ಅಕ್ಕಾ, ತೋಟದ ಕಡೆ ಹೋಗುವಾಗ ಚೀಲದಲ್ಲಿ ಎಂತೆಂತ ಇಟ್ಕೋಬೇಕು?" ಬೀಪಿ ಮಿಷನ್ನು, ಶುಗರ್ ನೋಡುವ ಪಟ್ಟಿ, ಮಾತ್ರೆ, ಇವನ್ನೆಲ್ಲ ಇಲಾಖೆಯೇ ಕೊಡುತ್ತದೆ. ಕೊಡದೆ ಇರುವುದನ್ನು ನಾನು ಹೇಳುತ್ತೇನೆ. ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಕ್ಕೆ ಒಂದು ಪೊಟ್ಟಣ ಉಪ್ಪು. ಅಂಗೈ ಅಗಲದ ಕನ್ನಡಿ. ಸೋಪಿನ ಚೂರು. ಒಂದು ಮೊಳ ದಪ್ಪ ನೂಲು. ಉಪ್ಪಿಗೆ ತಲೆಯಾಡಿಸುತ್ತಾರೆ, ಕನ್ನಡಿ ಅಂದಾಗ ಮುಸಿಮುಸಿ ನಗುತ್ತಾರೆ, ನೂಲು ಅಂದ ಕೂಡಲೇ ಇವರಿಗೆ ಅರಳುಮರಳು ಶುರುವಾಯಿತು ಅಂತ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ. ಆ ನೂಲಿನ ಕಥೆ ಹೇಳಲಿಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಮೂವತ್ತೊಂದು ವರ್ಷ ಕಿರಿಯ ಆರೋಗ್ಯ ಸಹಾಯಕಿಯಾಗಿದ್ದೆ. ಅದು ಕಾಗದದ ಮೇಲಿನ ಹೆಸರು. ಕಳಸದಿಂದ ಸಂಸೆಯ ಕಡೆಗಿನ ತೋಟಗಳಲ್ಲಿ ಆಳುಗಳಿಗೆ ಸಾಲಾಗಿ ಕಟ್ಟಿಸಿದ ಲೈನು ಮನೆಗಳಲ್ಲಿ ನಾನು ನರ್ಸಮ್ಮ. ಹೆತ್ತವರು ಇಟ್ಟ ಜಯಲಕ್ಷ್ಮಿ ಎಂಬ ಹೆಸರಿನಿಂದ ಕರೆಯುವವರು ಈಗ ನಮ್ಮ ಮನೆಯವರು ಮಾತ್ರ, ಅವರೂ ಸಿಟ್ಟು ಬಂದಾಗ ಪೂರ್ತಿ ಕರೆಯುತ್ತಾರೆ, ಉಳಿದ ಹೊತ್ತು ಜಯಾ.

ಮೊದಲ ಇಪ್ಪತ್ತು ವರ್ಷ ನನ್ನ ಕೆಲಸವೆಲ್ಲ ಬಸುರಿ, ಬಾಣಂತಿ, ಮಕ್ಕಳ ಸೂಜಿ. ಅದರಲ್ಲಿ ನನ್ನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ, ಇದನ್ನು ನಾನು ನಾಚಿಕೆಯಿಲ್ಲದೆ ಹೇಳುತ್ತೇನೆ. ಆಮೇಲೆ ಇಲಾಖೆಯ ಗಮನ ವಯಸ್ಸಾದವರ ಕಡೆ ತಿರುಗಿತು. ಮನೆಮನೆಗೆ ಹೋಗಿ ಬೀಪಿ ನೋಡಿ, ಶುಗರ್ ನೋಡಿ, ಮಾತ್ರೆ ಕೊಟ್ಟು ಬನ್ನಿ ಅಂದರು. ಸುಲಭದ ಕೆಲಸ ಅಂದುಕೊಂಡೆ. ಸೂಜಿ ಕಂಡರೆ ಮಕ್ಕಳು ಅಳುತ್ತವೆ, ಅಷ್ಟೆ. ಮುದುಕರು ವಾದ ಮಾಡುತ್ತಾರೆ.

ಒಬ್ಬ ಅಜ್ಜ ಇದ್ದರು. ಸಕ್ಕರೆ ಬಿಡಿ ಅಂತ ನಾನು ಹೇಳಿದ ಮೂರು ತಿಂಗಳಿಗೆ ಅವರ ಶುಗರ್ ಮೊದಲಿಗಿಂತ ಮೇಲೆ ಹೋಗಿತ್ತು. ವಿಚಾರಿಸಿದರೆ ಸಕ್ಕರೆ ಬಿಟ್ಟದ್ದು ನಿಜ, ದಿನಕ್ಕೆ ಆರು ಲೋಟ ಬೆಲ್ಲದ ಕಾಪಿ. "ನೀವು ಬೆಲ್ಲದ ಸುದ್ದಿ ಎತ್ತಲೇ ಇಲ್ವಲ್ಲ ನರ್ಸಮ್ಮ. ಬೆಲ್ಲ ಗದ್ದೇದು, ಸಕ್ಕರೆ ಅಂಗಡೀದು" ಅಂದರು. ತಪ್ಪು ನನ್ನದೇ. ಬೆಲ್ಲದ ಕಾಪಿಯ ಊರಿಗೆ ಹೋಗಿ ಬರೀ ಸಕ್ಕರೆಯ ಮಾತಾಡಿದ್ದೆ. ಇನ್ನೊಬ್ಬ ಅಜ್ಜಿ ಬೀಪಿ ಮಾತ್ರೆಯನ್ನು ನಾಲ್ಕು ತಿಂಗಳಿಂದ ಒಂದೂ ನುಂಗದೆ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದರು, ಹುಷಾರಿಲ್ಲದಾಗ ಬೇಕಾಗುತ್ತದೆ ಅಂತ. ಬೈಯಲು ಬಾಯಿ ತೆರೆದವಳು ಆ ಡಬ್ಬಿಯ ಶಿಸ್ತು ನೋಡಿ ಸುಮ್ಮನಾದೆ. ಎಲೆಯಡಿಕೆ ಹಾಕುವ ಹೊತ್ತಿಗೆ ಮಾತ್ರೆ ನುಂಗಬೇಕು ಅಂತ ಗಂಟು ಹಾಕಿಕೊಟ್ಟೆ. ಎಲೆಯಡಿಕೆ ಮರೆಯುವ ಅಜ್ಜಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಅವತ್ತಿನಿಂದ ಒಂದು ದಿನವೂ ತಪ್ಪಲಿಲ್ಲ.

ವಿಧಾನಗಳೂ ಬದಲಾದವು. ಪಾದರಸದ ಬೀಪಿ ಪೆಟ್ಟಿಗೆಯನ್ನು ಕೂಸಿನ ಹಾಗೆ ಎತ್ತಿಕೊಂಡು ಗುಡ್ಡ ಹತ್ತುತ್ತಿದ್ದವಳ ಕೈಗೆ ಅಂಗೈಯಷ್ಟು ಮಿಷನ್ ಬಂತು. ದೊಡ್ಡ ರಿಜಿಸ್ಟರ್ ಹೋಗಿ ಟ್ಯಾಬ್ ಬಂತು. ತೋಟದಲ್ಲಿ ನೆಟ್‌ವರ್ಕ್ ಎಲ್ಲಿದೆ? ನೀರಿನ ಟ್ಯಾಂಕಿನ ಹತ್ತಿರದ ದಿಬ್ಬದಲ್ಲಿ ಎರಡು ಕಡ್ಡಿ ಸಿಗುತ್ತಿತ್ತು. ಅಲ್ಲಿ ಕೊಡೆ ಹಿಡಿದು ನಿಂತು ಊರಿನ ಬೀಪಿಯನ್ನೆಲ್ಲ ಮೇಲಕ್ಕೆ ಕಳಿಸುತ್ತಿದ್ದೆ. ನನ್ನ ಮೇಲಿನ ಮೇಲ್ವಿಚಾರಕರು ಒಬ್ಬರಿದ್ದರು. ಒಂದು ಕಲಂ ಖಾಲಿ ಬಿಟ್ಟರೂ ಫೋನ್ ಮಾಡುತ್ತಿದ್ದರು. "ತುಂಬಿದ್ರೆ ಸಾಕು ಜಯಲಕ್ಷ್ಮಿ, ತುಂಬಿ" ಅನ್ನುವುದು ಅವರ ಮಂತ್ರ. ನಾನೂ ತುಂಬುತ್ತಿದ್ದೆ. ತುಂಬಿದ ಕಲಂಗಳಲ್ಲಿ ಒಂದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಲಕ್ಕಮ್ಮನ ಹೆಸರಿನ ಎದುರು 'ಪಾದ ಪರೀಕ್ಷೆ: ಸರಿಯಿದೆ' ಅಂತ ತುಂಬಿದ್ದು.

ಲಕ್ಕಮ್ಮ ನಲವತ್ತು ವರ್ಷ ಕಾಫಿ ಕೊಯ್ದು ಕೆಲಸ ಬಿಟ್ಟವರು. ಸಂಸೆಯ ಹತ್ತಿರ ತೋಟದ ಲೈನಿನಲ್ಲಿ ಕೊನೆಯ ಮನೆ. ಗಂಡ ಮಂಜಯ್ಯ ಅದೇ ತೋಟದಲ್ಲಿ ಮೇಸ್ತ್ರಿಯಾಗಿದ್ದವರು. ಬೆಳಿಗ್ಗೆ ಆಳುಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕರೆದು, ಯಾರು ಎಲ್ಲಿಗೆ ಅಂತ ಹಂಚುವ ಕೆಲಸ. ಮಗ ಜೀಪು ಓಡಿಸುತ್ತಾನೆ, ಸೊಸೆ ತೋಟಕ್ಕೆ ಹೋಗುತ್ತಾಳೆ. ಎಲ್ಲರೂ ಒಂದೇ ಮನೆಯಲ್ಲಿ, ನಗುನಗುತ್ತಾ ಇದ್ದವರು. ಬೆಳಿಗ್ಗೆ ಏಳಕ್ಕೆ ಮಗ ಸೊಸೆ ಹೊರಟರೆ ಮನೆ ಈ ಇಬ್ಬರದ್ದು.

ಲಕ್ಕಮ್ಮನಿಗೆ ಶುಗರ್ ಇತ್ತು, ಕಣ್ಣು ಮಂಜಾಗಿತ್ತು, ಆದರೂ ಒಂದು ಗಳಿಗೆ ಕೂರುತ್ತಿರಲಿಲ್ಲ. ಒಲೆಗೆ ಒಣಕಡ್ಡಿ ಪುಳ್ಳೆ ಆರಿಸಿ ತರುವುದು, ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆ ನೀರು ಕಾಯಿಸುವುದು, ಸೊಸೆ ಬರುವಷ್ಟರಲ್ಲಿ ಅಕ್ಕಿ ಆರಿಸಿಡುವುದು, ಹಿತ್ತಲಿನ ಕೆಸುವಿನ ಸೊಪ್ಪಿಗೆ ಕೈ ಹಾಕುವುದು. ನಾನು ಮೊದಮೊದಲು ಎಲ್ಲ ಮುದುಕರಿಗೂ ಹೇಳುವ ಹಾಗೆ ಅವರಿಗೂ ಹೇಳಿದೆ, ಇನ್ನು ಸಾಕು, ರೆಸ್ಟ್ ತಗೊಳ್ಳಿ ಅಂತ. ಅವರು ಪುಳ್ಳೆ ಮುರಿಯುವುದನ್ನು ನಿಲ್ಲಿಸದೆ ಉತ್ತರ ಕೊಟ್ಟರು.

"ರೆಸ್ಟ್ ತಗೊಂಡು ಎಂತ ಮಾಡ್ಲಿ ನರ್ಸಮ್ಮ? ಸೊಸೆ ದಣ್ಕಂಡು ಬರ್ತಾಳೆ. ಅವ್ಳು ಬಂದಾಗ ಹಂಡೆ ಬಿಸಿ ಇದ್ರೆ ನಾನೂ ಈ ಮನೇಲಿ ಇದ್ದೀನಿ ಅಂತ ಲೆಕ್ಕ. ಮೂಲೇಲಿ ಕೂತು ಒಂದು ಲೋಟ ನೀರಿಗೂ ಅವ್ಳ ಮುಖ ನೋಡೋ ಹಂಗಾದ್ರೆ, ಆ ಬಾಳು ಯಾರಿಗೆ ಬೇಕು ಹೇಳಿ."

ಅವತ್ತಿನಿಂದ ರೆಸ್ಟ್ ಎಂಬ ಪದವನ್ನು ನಾನು ಬಾಯಿಂದ ತೆಗೆದುಹಾಕಿದೆ. ಕೆಲಸ ಮಾಡುವ ಕೈಕಾಲನ್ನು ಕಾಪಾಡುವುದು ನಮ್ಮ ಕೆಲಸ, ಕೆಲಸ ಬಿಡಿಸುವುದಲ್ಲ. ಹುಡುಗಿಯರೇ, ಇದೊಂದನ್ನು ಬರೆದಿಟ್ಟುಕೊಳ್ಳಿ.

ಶುಗರ್ ಹಳೆಯದಾದರೆ ಪಾದ ಮರಗಟ್ಟುತ್ತದೆ. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ, ಕೆಂಡ ತಾಗಿದರೂ ಗೊತ್ತಾಗುವುದಿಲ್ಲ. ಅದಕ್ಕೇ ಪಾದ ಪರೀಕ್ಷೆ. ಇಂಬಳ ಹಿಡಿದರೂ ತನಗೆ ತುರಿಕೆಯೇ ಇಲ್ಲ ಅಂತ ಲಕ್ಕಮ್ಮ ಒಂದು ಸಲ ಹೆಮ್ಮೆಯಿಂದ ಹೇಳಿದ್ದರು. ನಾನು ನಕ್ಕು, "ಪುಣ್ಯ ಮಾಡಿದ್ದೀರಿ" ಅಂದಿದ್ದೆ. ಪುಣ್ಯವಂತೆ ಪುಣ್ಯ! ಪಾದ ಸತ್ತಿದೆ ಅಂತ ಆ ಹೆಂಗಸು ತಾನಾಗಿಯೇ ಹೇಳಿದರೂ ನನ್ನ ಕಿವಿಗೆ ಬೀಳಲಿಲ್ಲ.

ಮಳೆಗಾಲ ಹಿಡಿದುಕೊಂಡಿತ್ತು. ಅಂಗಳವೆಲ್ಲ ರಾಡಿ. ಅವತ್ತು ಹೋದಾಗ ಲಕ್ಕಮ್ಮನ ಎಡಗಾಲು ಸ್ವಲ್ಪ ಊದಿತ್ತು. ಬಿಸಿನೀರಿನಲ್ಲಿ ತೊಳೆದು ಒರೆಸಿದೆ. ಕನ್ನಡಿ ಹಿಡಿದು ಅಂಗಾಲು ನೋಡಿದೆ. ಬೆರಳ ಸಂದುಗಳನ್ನು ನೋಡಿದೆ. ಹೆಬ್ಬೆರಳ ಪಕ್ಕದ ಬೆರಳಿನಲ್ಲಿ ಕಾಲುಂಗುರವಿತ್ತು, ಬೆಳ್ಳಿಯದು, ಮೂರು ಸುತ್ತಿನದು. ಊದಿದ ಬೆರಳಿಗೆ ಬಿಗಿಯಾಗಿ ಕೂತಿತ್ತು. ಅದರ ಅಡಿಯನ್ನು ನೋಡಬೇಕಾದರೆ ಅದನ್ನು ತೆಗೆಯಬೇಕು.

"ಅದೊಂದು ಬಿಟ್ಟು ಎಲ್ಲ ನೋಡಿ ನರ್ಸಮ್ಮ" ಅಂದರು ಲಕ್ಕಮ್ಮ.

'ತೆಗೀರಿ' ಎಂಬ ಮೂರಕ್ಷರ ನನ್ನ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಗಂಡ ಅಲ್ಲೇ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಾರೆ, ಮುತ್ತೈದೆ ಹೆಂಗಸಿಗೆ ಕಾಲುಂಗುರ ತೆಗೆ ಅಂತ ಹೇಗೆ ಹೇಳಲಿ? ನನ್ನ ಅಮ್ಮ ಕಾಲುಂಗುರ ತೆಗೆದದ್ದು ಅಪ್ಪ ಹೋದ ದಿನ. ನನ್ನ ಕಾಲಿನಲ್ಲೂ ಮದುವೆಯ ದಿನದ್ದೇ ಇತ್ತು, ಒಂದು ದಿನ ತೆಗೆದವಳಲ್ಲ. ಉಂಗುರದ ಸುತ್ತ ಒರೆಸಿ, ಪುಡಿ ಹಾಕಿ, ದಿಬ್ಬಕ್ಕೆ ಹೋಗಿ ಟ್ಯಾಬಿನಲ್ಲಿ 'ಸರಿಯಿದೆ' ಅಂತ ತುಂಬಿದೆ.

ಆಮೇಲೆ ಒಂದು ವಾರ ತರಬೇತಿ, ಅದರ ಬೆನ್ನಿಗೆ ರಸ್ತೆ ಮೇಲೆ ಗುಡ್ಡದ ಮಣ್ಣು ಕುಸಿದು ಬಸ್ಸಿಲ್ಲ. ಹನ್ನೆರಡನೇ ದಿನ ಹೋದಾಗ ಮಂಜಯ್ಯ ಏಣಿ ಹಾಕಿಕೊಂಡು ಅಟ್ಟದ ಮೇಲಿದ್ದರು.

"ಎಂತ ಮೇಸ್ತ್ರಿಯವ್ರೇ, ಈ ವಯಸ್ಸಲ್ಲಿ ಅಟ್ಟ ಹತ್ತೋದು?"

"ಇಲಿ ಸತ್ತು ಬಿದ್ದಿದೆ ನರ್ಸಮ್ಮ. ಎರಡು ದಿನದಿಂದ ವಾಸನೆ. ಅಟ್ಟ ಪೂರಾ ಹುಡುಕ್ದೆ, ಎಲ್ಲಿ ಸತ್ತಿದೆಯೋ ಹಾಳಾದ್ದು, ಸಿಗ್ತಾ ಇಲ್ಲ."

ಒಳಗೆ ಕಾಲಿಟ್ಟ ಕೂಡಲೇ ನನಗೆ ಗೊತ್ತಾಯಿತು. ಈ ವಾಸನೆಯನ್ನು ಒಂದು ಸಲ ಮೂಸಿದ ನರ್ಸು ಸಾಯುವವರೆಗೆ ಮರೆಯುವುದಿಲ್ಲ. ಲಕ್ಕಮ್ಮ ಒಲೆಯ ಮುಂದೆ ಕಂಬಳಿ ಹೊದ್ದು ಕೂತಿದ್ದರು. ಮೈ ಬಿಸಿ. "ಇಲಿ ಸಿಕ್ತಾ?" ಅಂತ ಅವರೂ ಕೇಳಿದರು. ಕಂಬಳಿ ಸರಿಸಿ ಎಡಗಾಲು ಎತ್ತಿದೆ. ಬೆರಳು ಕಪ್ಪಾಗಿತ್ತು. ಉಂಗುರ ಮಾಂಸದೊಳಗೆ ಮುಚ್ಚಿಹೋಗಿತ್ತು. ಅಯ್ಯೋ ಶಿವನೇ!

ಮಂಜಯ್ಯ ಏಣಿ ಇಳಿದು ಬಂದು ನೋಡಿ ಅಲ್ಲೇ ಕುಸಿದು ಕೂತರು. ಅಟ್ಟದಲ್ಲಿ ಹುಡುಕಿದ್ದು ಹೆಂಡತಿಯ ಕಾಲಿನಲ್ಲಿತ್ತು.

ಪಕ್ಕದ ಮನೆಯ ಹುಡುಗನನ್ನು ದಿಬ್ಬಕ್ಕೆ ಓಡಿಸಿ ಮಗನಿಗೆ ಫೋನ್ ಮಾಡಿಸಿದೆ, ಜೀಪು ಬರಲು ಮುಕ್ಕಾಲು ಗಂಟೆ. ಅಷ್ಟರಲ್ಲಿ ಉಂಗುರ ಬಿಡಿಸಬೇಕಿತ್ತು. ಸೋಪು ಹಚ್ಚಿ, ಬೆರಳಿಗೆ ನೂಲು ಬಿಗಿಯಾಗಿ ಸುತ್ತಿ, ನೂಲಿನ ತುದಿ ಬಿಚ್ಚುತ್ತಾ ಬಂದರೆ ಉಂಗುರ ಸುತ್ತುಸುತ್ತಾಗಿ ಹೊರಗೆ ಬರುತ್ತದೆ. ಹನ್ನೆರಡು ದಿನದ ಹಿಂದೆ ಆಗಿದ್ದರೆ ಎರಡು ನಿಮಿಷದ ಕೆಲಸ. ಈಗ ನೂಲಿನ ಕಾಲ ಮುಗಿದಿತ್ತು. ಕತ್ತರಿಸಲೇಬೇಕು. ಮಂಜಯ್ಯ ಬೇಲಿ ತಂತಿಯ ಸಣ್ಣ ಇಕ್ಕಳ ತಂದರು. ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಹಿಡಿದುಕೊಂಡೆ. ಇಷ್ಟು ಹೆರಿಗೆ ಮಾಡಿಸಿದವಳು ಅದನ್ನು ಎರಡು ಸಲ ಉಂಗುರದ ಹತ್ತಿರ ಒಯ್ದು ಹಿಂದಕ್ಕೆ ತೆಗೆದೆ.

"ಇತ್ಲಾಗಿ ಕೊಡಿ ನರ್ಸಮ್ಮ" ಅಂದರು ಮಂಜಯ್ಯ. "ಹಾಕಿದವ್ನು ನಾನು. ನಾನೇ ತೆಗೀತೀನಿ."

ಲಕ್ಕಮ್ಮ ಮುಖವನ್ನು ಗೋಡೆಗೆ ತಿರುಗಿಸಿಕೊಂಡರು. ಮೂರು ಸುತ್ತನ್ನು ಮಂಜಯ್ಯ ಮೂರು ಸಲ ಕತ್ತರಿಸಿದರು. ಕೈ ಒಂದಿಷ್ಟೂ ಅಲುಗಲಿಲ್ಲ. ಮೇಸ್ತ್ರಿಯಾಗುವ ಮೊದಲು ವರ್ಷಗಟ್ಟಲೆ ಕಾಫಿ ಗಿಡದ ಬೇಡದ ಚಿಗುರು ಕತ್ತರಿಸಿದ ಕೈ ಅದು. ಬೆಳ್ಳಿಯ ತುಂಡುಗಳನ್ನು ಎಲೆಯಡಿಕೆಯ ಚೀಲದೊಳಗೆ ಹಾಕಿಕೊಂಡು ಎದ್ದರು.

ನಮ್ಮ ಆಸ್ಪತ್ರೆಯ ಡಾಕ್ಟರು ನೋಡಿದ ಕೂಡಲೇ ಚಿಕ್ಕಮಗಳೂರಿಗೆ ಕಳಿಸಲು ಚೀಟಿ ಬರೆದರು. ಬರೆಯುತ್ತಲೇ ನನ್ನನ್ನು ಕೇಳಿದರು: "ಸಿಸ್ಟರ್, ಹೋದ ಸಲ ಉಂಗುರ ಯಾಕೆ ತೆಗೆಸಿಲ್ಲ?"

"ಮುತ್ತೈದೆ ಸಾರ್. ಬಾಯಿ ಬರಲಿಲ್ಲ."

"ಕೀವಿಗೆ ಅದು ಗೊತ್ತಿರಲ್ವಲ್ಲ ಸಿಸ್ಟರ್" ಅಂದರು. ಅಷ್ಟೇ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಬೈಯಲಿಲ್ಲ. ಆ ದಿನ ಬಸ್ಸಿನಲ್ಲಿ ಕೂತು ಮೂಡಿಗೆರೆ ಬರುವವರೆಗೆ ಸೆರಗು ಬಾಯಿಗೆ ಹಿಡಿದುಕೊಂಡು ಅತ್ತೆ.

ಚಿಕ್ಕಮಗಳೂರಿನಲ್ಲಿ ಆ ಬೆರಳನ್ನು ತೆಗೆದರು. ಪಾದ ಉಳಿಯಿತು. ಆದರೆ ಅಲ್ಲಿನ ಡಾಕ್ಟರು ಮಗನಿಗೆ ಸ್ಪಷ್ಟವಾಗಿ ಹೇಳಿ ಕಳಿಸಿದ್ದರು: ಇನ್ನೊಂದು ಸಲ ಹೀಗೆ ಗೊತ್ತಾಗದೆ ಗಾಯ ಕೊಳೆತರೆ ಬೆರಳಲ್ಲ, ಮೊಣಕಾಲಿನ ಕೆಳಗೆ ಪೂರ್ತಿ ಹೋಗುತ್ತದೆ. ದಿನಾ ಎರಡೂ ಪಾದ ನೋಡಲೇಬೇಕು, ಒಂದು ದಿನವೂ ಬಿಡುವಂತಿಲ್ಲ.

ನೋಡುವವರು ಯಾರು? ಲಕ್ಕಮ್ಮನಿಗೆ ಕಣ್ಣು ಮಂಜು, ಬಗ್ಗಲೂ ಆಗುವುದಿಲ್ಲ. ಸೊಸೆ ಬೆಳಕಿರುವಾಗ ಮನೆಯಲ್ಲಿರುವುದಿಲ್ಲ. ನಾನು ಹೋಗುವುದು ಹದಿನೈದು ದಿನಕ್ಕೊಮ್ಮೆ. ಹೊತ್ತೂ ಇದ್ದು ಕಣ್ಣೂ ಚೆನ್ನಾಗಿರುವವರು ಮಂಜಯ್ಯ ಒಬ್ಬರೇ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಆಚೆ ಗುಡ್ಡದ ಸಿಲ್ವರ್ ಓಕ್ ಮರದ ಮೇಲಿನ ಮೆಣಸಿನ ಬಳ್ಳಿಯ ಹಣ್ಣೆಲೆ ಕಾಣುತ್ತಿತ್ತು ಅವರಿಗೆ.

ಲಕ್ಕಮ್ಮ ಮನೆಗೆ ಬಂದ ಮರುದಿನವೇ ಹೋದೆ. ಜಗಲಿಯಲ್ಲಿ ಬೆಳಕಿಗೆ ಮಣೆ ಹಾಕಿಸಿ, ಮಂಜಯ್ಯನವರನ್ನು ಎದುರು ಕೂರಿಸಿ, ಹೇಗೆ ನೋಡಬೇಕು ಅಂತ ತೋರಿಸಲು ಶುರುಮಾಡಿದೆ. ಮೊದಲು ಅಂಗಾಲು, ಆಮೇಲೆ ಹಿಮ್ಮಡಿ, ಆಮೇಲೆ ಒಂದೊಂದೇ ಬೆರಳ ಸಂದು. ಅವರು ಕೈ ಚಾಚಿದ್ದೇ ತಡ, ಲಕ್ಕಮ್ಮ ಎರಡೂ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

"ಬೇಡ್ವೇ ಬೇಡ! ಗಂಡನ ಕೈಲಿ ದಿನಾ ಕಾಲು ಹಿಡಿಸ್ಕಂಡು ನಾನು ಯಾವ ನರಕಕ್ಕೆ ಹೋಗ್ಲಿ? ನೀವೂ ಮುತ್ತೈದೆ ಹೆಂಗ್ಸು, ನಿಮಗಾದ್ರೂ ಗೊತ್ತಾಗ್ಬಾರ್ದಾ?"

ಶುಗರ್ ಎಂದರೇನು, ನರ ಎಂದರೇನು ಅಂತ ತರಬೇತಿಯಲ್ಲಿ ಹೇಳಿಕೊಟ್ಟ ಭಾಷಣವನ್ನೆಲ್ಲ ಮಾಡಿದೆ. ಕಾಲು ಸೀರೆಯಿಂದ ಹೊರಗೆ ಬರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಅವರ ಮೇಲಲ್ಲ, ನನ್ನ ಮೇಲೆಯೇ, ಆದರೆ ಬಾಯಿಂದ ಬಂದದ್ದು ಅವರಿಗೆ.

"ಹಾಗಾದ್ರೆ ಹೋಗ್ಲಿ ಬಿಡಿ ಕಾಲು! ಮೂಲೇಲಿ ಕೂತು ಸೊಸೆ ಹತ್ರ ನೀರು ಕೇಳಿ. ಪುಳ್ಳೆಯೂ ಬೇಡ, ಹಂಡೆಯೂ ಬೇಡ. ಅದೇ ತಾನೇ ನಿಮಗೆ ಬೇಕಾದ್ದು?"

ಲಕ್ಕಮ್ಮ ಸೀರೆಯ ಅಂಚನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು. ಆ ಮಾತು ಆಡಬಾರದಿತ್ತು.

ಮಂಜಯ್ಯ ಎದ್ದು ಎಲೆಯಡಿಕೆಯ ಚೀಲ ತಂದು, ಅಡಿಕೆ ಚೂರುಗಳ ನಡುವಿನಿಂದ ಬೆಳ್ಳಿಯ ತುಂಡುಗಳನ್ನು ಹೆಕ್ಕಿ ಹೆಂಡತಿಯ ಎದುರಿನ ಮಣೆಯ ಮೇಲಿಟ್ಟರು.

"ಇದನ್ನ ಧಾರೆ ದಿನ ನಿನ್ನ ಕಾಲಿಗೆ ಹಾಕಿದ್ದು ಯಾರು?"

ಲಕ್ಕಮ್ಮ ಒಂದು ತುಂಡನ್ನು ಬೆರಳಿನಿಂದ ಮುಟ್ಟಿದರು.

"ಊರ್ನೋರ ಮುಂದೆ ನಿನ್ನ ಕಾಲು ಹಿಡ್ಕಂಡೇ ಹಾಕಿದ್ದಲ್ಲೇನೆ? ಅವತ್ತು ನೀನು ನರಕಕ್ಕೆ ಹೋಗ್ಲಿಲ್ಲ. ಮೊನ್ನೆ ಕಾಲು ಹಿಡ್ಕಂಡೇ ತೆಗ್ದೆ, ಅವತ್ತೂ ಹೋಗ್ಲಿಲ್ಲ. ಎರಡು ಸಲ ಹೋಗ್ದೆ ಇದ್ದ ನರಕಕ್ಕೆ ಮೂರ್ನೇ ಸಲಕ್ಕೆ ಹೋಗ್ತೀಯಾ? ಹೋದ್ರೂ ಹೋಗು ಮಾರಾಯ್ತಿ, ನಾನೂ ಬರ್ತೀನಿ. ಆದ್ರೆ ಎರಡೂ ಕಾಲಲ್ಲಿ ನಡ್ಕಂಡು ಹೋಗೋಣ."

ಲಕ್ಕಮ್ಮ ಆ ತುಂಡುಗಳನ್ನು ಒಟ್ಟುಮಾಡಿ ಗಂಡನ ಕಡೆ ಸರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಒಳಗೆ ಹೋಗಣ. ಬಾಗ್ಲು ಹಾಕಿ ನರ್ಸಮ್ಮ. ಲೈನಿನೋರು ಯಾರೂ ನೋಡ್ಬಾರ್ದು" ಅಂದರು.

ಬಾಗಿಲು ಹಾಕಿದೆ. ಕಿಟಕಿಯ ಬೆಳಕಿಗೆ ಮಣೆ ಎಳೆದೆ. ಲಕ್ಕಮ್ಮ ಸೆರಗಿನಿಂದ ಮುಖ ಪೂರ್ತಿ ಮುಚ್ಚಿಕೊಂಡು ಬಲಗಾಲನ್ನು ಒಂದು ಗೇಣು ಮುಂದೆ ಚಾಚಿದರು. ಮಂಜಯ್ಯ ಅದನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕನ್ನಡಿ ಹಿಡಿದರು. ಅಂಗಾಲು ನೋಡಿದರು. ಹಿಮ್ಮಡಿ ನೋಡಿದರು. ಬೆರಳಿಗೆ ಬಂದಾಗ ಗಂಟಲು ಸರಿಮಾಡಿಕೊಂಡು, ಬೆಳಗಿನ ಚಳಿಯಲ್ಲಿ ಆಳುಗಳ ಸಾಲಿನ ಮುಂದೆ ಕರೆಯುತ್ತಿದ್ದ ಅದೇ ದನಿಯಲ್ಲಿ ಶುರುಮಾಡಿದರು.

"ಹಾಜರಿ! ಇವನು ಹೆಬ್ಬೆರಳು. ಲೆಕ್ಕ ಬರಿಯೋ ರೈಟರ್. ಕೆಲ್ಸ ಎಂತದೂ ಇಲ್ಲ, ದಪ್ಪಗೆ ಕೂತಿದಾನೆ. ಹಾಜರ್. ಎರಡ್ನೇದು, ಹಾಜರ್. ಮೂರು, ಹಾಜರ್. ನಾಕು, ಸ್ವಲ್ಪ ಸೊಟ್ಟ, ಆದ್ರೂ ಬಂದಿದಾನೆ. ಕಿರಿದು, ಹಾಜರ್."

ಎಡಗಾಲು ತೆಗೆದುಕೊಂಡರು. ಹೆಬ್ಬೆರಳಾದ ಮೇಲೆ ಖಾಲಿ ಜಾಗ. "ಎರಡ್ನೇದು... ರಜಾ" ಅಂದು ಮುಂದಕ್ಕೆ ಹೋದರು. ಸೆರಗಿನೊಳಗಿಂದ ಒಂದು ಸದ್ದು ಬಂತು. ಲಕ್ಕಮ್ಮ ಅಳುತ್ತಿದ್ದಾರೆ ಅಂದುಕೊಂಡೆ. ಸೆರಗು ಸರಿದಾಗ ನೋಡಿದರೆ ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. ಅಳುತ್ತಿದ್ದವಳು ನಾನು ಮಾತ್ರ.

ಬಲಗಾಲಿನ ಉಂಗುರವನ್ನು ಅವತ್ತೇ ನೂಲು ಸುತ್ತಿ ತೆಗೆದೆ. ಈ ಸಲ 'ತೆಗೀರಿ' ಅಂತ ಬಾಯಿಬಿಟ್ಟು ಹೇಳಿದೆ. ಗಂಡ ಇರುವಾಗ ಬರಿಗಾಲಾಯಿತಲ್ಲ ಅಂತ ಲಕ್ಕಮ್ಮ ಸಂಕಟಪಟ್ಟರು. ಮಂಜಯ್ಯ ಕಳಸಕ್ಕೆ ಹೋಗಿ ಅದನ್ನೂ ಆ ತುಂಡುಗಳನ್ನೂ ಸೇರಿಸಿ ಎರಡು ಪುಟ್ಟ ಗುಂಡು ಮಾಡಿಸಿ, ತಾಳಿಯ ಕರಿಮಣಿಗೆ ಪೋಣಿಸಿ ತಂದುಕೊಟ್ಟರು. "ಕಾಲಿಂದ ಕುತ್ತಿಗೆಗೆ ಬಂತು. ಪ್ರಮೋಷನ್ ಕಣೆ" ಅಂದರಂತೆ. ನನ್ನ ನೌಕರಿಯಲ್ಲಿ ನಾನು ಕಂಡ ಪ್ರಮೋಷನ್‌ಗಳಲ್ಲಿ ಮನಸ್ಸಿಗೆ ಹಿಡಿಸಿದ್ದು ಅದೊಂದೇ.

ಅಲ್ಲಿಂದ ದಿನಾ ಮಧ್ಯಾಹ್ನ ಊಟವಾದ ಮೇಲೆ ಹಾಜರಿ. ಒಂದು ತಿಂಗಳು ಬಾಗಿಲು ಹಾಕಿಕೊಂಡು ನಡೆಯಿತು. ಎರಡನೇ ತಿಂಗಳು ಬಾಗಿಲು ಅರ್ಧ ತೆರೆಯಿತು. ಚಳಿ ಶುರುವಾದ ಮೇಲೆ ಬಿಸಿಲು ಬೇಕು ಅಂತ ಲಕ್ಕಮ್ಮನೇ ಜಗಲಿಗೆ ಬಂದು ಕೂತರು. ಲೈನಿನ ಹೆಂಗಸರು ಮೊದಲು ಕಿಸಕ್ಕೆಂದರು, ಆಮೇಲೆ ಇಬ್ಬರು ಮೂವರು ತಮ್ಮ ಅತ್ತೆಯರನ್ನು ಕರೆತಂದು, "ಇವ್ರದ್ದೂ ಒಂಚೂರು ನೋಡಿ ಮೇಸ್ತ್ರಿ" ಅಂದರು.

ಅದೇ ಚಳಿಗಾಲದಲ್ಲಿ ಒಂದು ದಿನ ಮಂಜಯ್ಯ ದಿಬ್ಬ ಹತ್ತಿ ನನಗೆ ಫೋನ್ ಮಾಡಿದರು. "ನರ್ಸಮ್ಮ, ಬಲಗಾಲು ಹಿಮ್ಮಡಿ ಹತ್ರ ಬೊಬ್ಬೆ. ನಿನ್ನೆ ಇರ್ಲಿಲ್ಲ, ಇವತ್ತು ಇದೆ. ಬಚ್ಚಲ ಒಲೆ ಕೆಂಡ ತಾಗಿರ್ಬೇಕು, ಇವ್ಳಿಗೆ ಗೊತ್ತೇ ಇಲ್ಲ." ನಿನ್ನೆ ಇರಲಿಲ್ಲ, ಇವತ್ತು ಇದೆ. ಡಾಕ್ಟರಿಗೂ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ. ಬೊಬ್ಬೆಯನ್ನು ಒಡೆಯದೆ ಬಟ್ಟೆ ಸುತ್ತಿ ಇಡಲು ಹೇಳಿ, ಮರುದಿನ ಮೊದಲ ಬಸ್ಸಿಗೆ ಹೋದೆ. ಮೂರು ವಾರ ಡ್ರೆಸಿಂಗ್ ಮಾಡಿದೆ, ಮಾಡುವುದನ್ನು ಅವರಿಗೂ ಕಲಿಸಿದೆ. ಗಾಯ ಒಣಗಿತು. ಕಾಲು ಉಳಿಯಿತು. ಒಲೆಯ ಮುಂದೆ ಈಗ ಲಕ್ಕಮ್ಮ ಕ್ಯಾನ್ವಾಸ್ ಬೂಟು ಹಾಕಿಕೊಂಡು ಕೂರುತ್ತಾರೆ, ಸೀರೆಯ ಕೆಳಗೆ ಬೂಟು, ಆಡುವವರು ಆಡಲಿ ಅಂತ.

ನಾನು ನಿವೃತ್ತಳಾಗಿ ನಾಲ್ಕು ವರ್ಷ ಆಯಿತು. ಕಳೆದ ತಿಂಗಳು ಕಳಸಕ್ಕೆ ಹೋದವಳು ಸಂಸೆಯ ಬಸ್ಸು ಹತ್ತಿ ಅವರನ್ನು ನೋಡಿಕೊಂಡು ಬರೋಣ ಅಂತ ಹೋದೆ. ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿತ್ತು. ಲಕ್ಕಮ್ಮ ಪುಳ್ಳೆ ಮುರಿಯುತ್ತಿದ್ದರು. ಕಾಪಿ ಕೊಟ್ಟರು, ಬೆಲ್ಲ ಹಾಕದ್ದು. ಬಾಯಿಗಿಟ್ಟವಳೇ, "ನಂಗೂ ಈಗ ಶುಗರ್ ಬಂದಿದೆ ಮಾರಾಯ್ತಿ, ಎರಡು ವರ್ಷ ಆಯ್ತು" ಅಂದೆ. ಮಂಜಯ್ಯ ತಲೆ ಎತ್ತಿದರು. ಅವರ ಕಣ್ಣು ನೇರ ನನ್ನ ಕಾಲಿಗೆ ಹೋಯಿತು, ನನ್ನ ಎರಡು ಕಾಲುಂಗುರಗಳಿಗೆ.

"ಹಂಗಾದ್ರೆ ನಿಮ್ಮ ಹಾಜರಿ ಯಾರು ಕರೀತಾರೆ ನರ್ಸಮ್ಮ?"

ನಾನು ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ. ಎಳೆದುಕೊಂಡ ಮೇಲೆ ಗೊತ್ತಾಯಿತು ಎಳೆದುಕೊಂಡೆ ಅಂತ. ಲಕ್ಕಮ್ಮ ಅದನ್ನು ನೋಡಿದರು, ಪುಣ್ಯಾತ್ಗಿತ್ತಿ ನಕ್ಕರು ಅಷ್ಟೆ.

ಸಂಜೆ ಮನೆಗೆ ಬಂದು ಬಚ್ಚಲಿನಲ್ಲಿ ಮಣೆ ಹಾಕಿಕೊಂಡು ಕೂತು, ಸೋಪು ಹಚ್ಚಿ, ನೂಲು ಸುತ್ತಿ ಎರಡೂ ಉಂಗುರ ತೆಗೆದೆ. ಎಡಗಾಲಿನದರ ಅಡಿಯಲ್ಲಿ ಚರ್ಮ ಬೆಳ್ಳಗೆ ಮೆತ್ತಗಾಗಿ ಒಂದು ಗೆರೆಯಷ್ಟು ಸುಲಿದಿತ್ತು. ನನಗೆ ಒಂದಿಷ್ಟೂ ಗೊತ್ತಾಗಿರಲಿಲ್ಲ. ಇಷ್ಟು ಜನರ ಪಾದ ನೋಡಿದವಳಿಗೆ!

ನಮ್ಮ ಮನೆಯವರು ನಡುಮನೆಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದರು. ಅವರು ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತರಾದವರು. ಗಟ್ಟಿಯಾಗಿ ಕೂಗಿದೆ.

"ರೀ, ಸ್ವಲ್ಪ ಬನ್ನಿ ಇಲ್ಲಿ. ಕನ್ನಡಕ ಹಾಕ್ಕೊಂಡು ಬನ್ನಿ."

ಬಂದರು. ತೊಡೆಯ ಮೇಲೆ ಟವೆಲ್ ಹಾಸಿಕೊಂಡು ಎದುರು ಕೂತರು. ನಾನು ಕಾಲು ಚಾಚಿದೆ. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ, ಧಾರೆಯ ದಿನ ಬಿಟ್ಟರೆ, ಮೊದಲ ಸಲ. ಮುಖ ಮುಚ್ಚಿಕೊಳ್ಳಬೇಕು ಅನ್ನಿಸಿತು, ಮುಚ್ಚಿಕೊಳ್ಳಲಿಲ್ಲ. ಹೇಗೆ ನೋಡಬೇಕು ಅಂತ ಹೇಳುತ್ತಾ ಹೋದೆ, ಅವರು ನೋಡುತ್ತಾ ಹೋದರು. ಸುಲಿದ ಗೆರೆಗೆ ಔಷಧಿ ಹಚ್ಚಿದರು. ಆಮೇಲೆ ಹಿಂದಿನ ಸೀಟಿನಿಂದ ತಲೆ ಎಣಿಸಿಕೊಂಡು ಬರುವ ಹಾಗೆ ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಮುಟ್ಟಿ ಎಣಿಸಿದರು.

"ಹತ್ತೂ ಇದಾವೆ ಜಯಾ" ಅಂದರು. ಕಾಲನ್ನು ಮೆಲ್ಲಗೆ ಕೆಳಗಿಟ್ಟು, ಅಂಗೈಯಿಂದ ಮಣೆಗೆ ಎರಡು ಸಲ ಬಡಿದರು. "ರೈಟ್, ರೈಟ್!"